ಕಾಲುದಾರಿ, ಮತ್ತೆ ಕಾಲುದಾರಿ

ಮೇಷ್ಟ್ರಿಗೆ ಅವಮಾನವಾದದ್ದು ಮಗಳ ಶಾಲೆಯಲ್ಲಿ, ಅದೂ ಮೂರನೇ ತರಗತಿಯ ಪುಟಾಣಿ ಬೆಂಚಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುಡಿಕೊಂಡು ಕುಳಿತಿದ್ದಾಗ. ಅವತ್ತು ಪೋಷಕರ ಸಭೆ. ಟೀಚರಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ, ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಎಂದು ಹೇಳಿಸುತ್ತಿದ್ದರು. ಒಬ್ಬ ಹುಡುಗನ ಅಪ್ಪ ಬೆಂಕಿ ಆರಿಸುವವರು. ಇನ್ನೊಬ್ಬಳ ಅಪ್ಪ ಹಲ್ಲು ಕೀಳುವವರು. ಮೇಷ್ಟ್ರ ಮಗಳು ಎದ್ದು ನಿಂತು, ಜಡೆಯನ್ನು ಹಿಂದಕ್ಕೆ ಎಸೆದು, ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದಳು.

"ನಮ್ಮಮ್ಮ ರೈಲುಗಳಿಗೆಲ್ಲ ಎಲ್ಲಿ ನಿಲ್ಲಬೇಕು ಅಂತ ಹೇಳ್ತಾರೆ. ನಮ್ಮಪ್ಪ ಕಾರಲ್ಲಿ ಪಕ್ಕದ ಸೀಟಲ್ಲಿ ಕೂತ್ಕೋತಾರೆ."

"ಕೂತ್ಕೊಂಡು?" ಎಂದರು ಟೀಚರಮ್ಮ, ಮುಂದೆ ಇನ್ನೇನೋ ಇರಬಹುದೆಂಬ ಆಸೆಯಿಂದ.

"ಅಷ್ಟೇ. ಸಾಯಂಕಾಲ ಎದ್ದು ಮನೆಗೆ ಬರ್ತಾರೆ."

ಇಡೀ ತರಗತಿ ಗೊಳ್ಳೆಂದಿತು. ಹಲ್ಲು ಕೀಳುವ ಅಪ್ಪ ತಮ್ಮ ಹಲ್ಲನ್ನೆಲ್ಲ ತೋರಿಸಿ ನಕ್ಕರು. ಮೇಷ್ಟ್ರೂ ನಗಬೇಕಾಯಿತು. ಆ ನಗು ಎಷ್ಟು ಕಷ್ಟದ್ದೆಂದರೆ, ಮನೆಗೆ ಬರುವ ತನಕ ಅವರ ದವಡೆ ನೋಯುತ್ತಿತ್ತು.

ಮೇಷ್ಟ್ರು ಎಂದರೆ ಶಾಲಾ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕೂರುವುದು ನಿಜ. ಆದರೆ ಆ ಸೀಟಿನ ಮುಂದೆ ಕಾಲಡಿಯಲ್ಲಿ ಒಂದು ಬ್ರೇಕು, ಒಂದು ಕ್ಲಚ್ಚು ಇರುವುದು ಮಗಳಿಗೆ ಕಾಣಿಸಿರಲಿಲ್ಲ. ಆ ಬ್ರೇಕು ಒತ್ತಿ ಒತ್ತಿ ಅವರು ಎಷ್ಟು ಜನ ಪಾದಚಾರಿಗಳ ಪ್ರಾಣ ಉಳಿಸಿದ್ದಾರೆ, ಎಷ್ಟು ಹಾಲಿನ ಗಾಡಿ, ಎಷ್ಟು ದೀಪದ ಕಂಬ ಉಳಿಸಿದ್ದಾರೆ ಎಂಬುದಕ್ಕೆ ಯಾರೂ ಪದಕ ಕೊಟ್ಟಿರಲಿಲ್ಲ. (ದೀಪದ ಕಂಬಗಳಿಗೆ ಬಾಯಿದ್ದಿದ್ದರೆ ಹೇಳುತ್ತಿದ್ದವು.) ಅವರ ಬಲಗಾಲು ಈಗ ಅವರ ಮಾತನ್ನೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ವೇಗವಾಗಿ ನಡೆದರೂ ಸಾಕು, ತಾನಾಗಿ ನೆಲವನ್ನು ಒತ್ತುತ್ತಿತ್ತು.

ಆ ಸಭೆಯ ಕೊನೆಯಲ್ಲಿ ಟೀಚರಮ್ಮ ಇನ್ನೊಂದು ಮಾತು ಹೇಳಿದ್ದರು. ಬರುವ ಸೋಮವಾರ ಪ್ರತಿಯೊಂದು ಮಗುವೂ, ಈ ವಾರದ ರಜೆಯಲ್ಲಿ ಅಪ್ಪನ ಜೊತೆ ಏನು ಮಾಡಿದೆ ಎಂದು ಒಂದು ವಾಕ್ಯ ಹೇಳಬೇಕು. ಒಂದೇ ವಾಕ್ಯ. ಆ ವಾಕ್ಯದಲ್ಲಿ 'ಕೂತ್ಕೋತಾರೆ' ಎಂಬ ಪದ ಬರಕೂಡದು ಎಂದು ಮೇಷ್ಟ್ರು ಅಲ್ಲೇ, ಆ ಪುಟಾಣಿ ಬೆಂಚಿನ ಮೇಲೆಯೇ ಭೀಷ್ಮಪ್ರತಿಜ್ಞೆ ಮಾಡಿದರು.

"ಶನಿವಾರ ಗುಡ್ಡಕ್ಕೆ ಹೋಗ್ತಾ ಇದ್ದೀವಿ" ಎಂದು ಮನೆಯಲ್ಲಿ ಘೋಷಿಸಿದರು. "ನಾಲ್ಕೂ ಜನ. ನಡ್ಕೊಂಡು. ಪ್ರಕೃತಿ ನೋಡೋಕೆ."

ಹೆಂಡತಿ ತರಕಾರಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. ಆಕೆ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ರೈಲುಗಳ ಬರುವಿಕೆ ಹೋಗುವಿಕೆಯನ್ನು ಸಾರುವವಳು. ದಿನವಿಡೀ ಜೇನಿನಂಥ ಸ್ವರದಲ್ಲಿ ಕೆಟ್ಟ ಸುದ್ದಿ ಹೇಳಿ ಹೇಳಿ ಅದೇ ಅಭ್ಯಾಸವಾಗಿಬಿಟ್ಟಿತ್ತು. ಸಿಟ್ಟು ಏರಿದಷ್ಟೂ ಸ್ವರ ಸಿಹಿಯಾಗುತ್ತಿತ್ತು.

"ಶನಿವಾರ ನನಗೆ ಸಾಯಂಕಾಲದ ಶಿಫ್ಟ್ ರೀ. ಹಗಲು ಮಲಗೋಣ ಅಂತಿದ್ದೆ."

"ಮಲಗೋದು ಯಾವಾಗ ಬೇಕಾದ್ರೂ ಮಲಗಬಹುದು. ಮಕ್ಕಳು ದೊಡ್ಡವರಾಗಿಬಿಡ್ತಾರೆ ಕಣೇ."

"ನೀವು ಕೊನೇ ಸಲ ನಡೆದಿದ್ದು ಯಾವಾಗ?"

"ನಿನ್ನೆ ತಾನೇ ನಡೆದೆ."

"ಎಲ್ಲಿಂದ ಎಲ್ಲಿಗೆ?"

"ಬಾಗಿಲಿಂದ ಕಾರಿಗೆ" ಎಂದು ನಡುವೆ ಬಾಯಿ ಹಾಕಿದಳು ಮಗಳು. ಎಂಟು ವರ್ಷದ ಈ ಮಗಳನ್ನು ಮನೆಯಲ್ಲಿ ಎಲ್ಲರೂ ವಕೀಲಮ್ಮ ಎಂದೇ ಕರೆಯುತ್ತಿದ್ದರು. ಯಾರು ಏನೇ ಹೇಳಲಿ, ಸಾಕ್ಷಿ ಸಮೇತ ಅಲ್ಲಗಳೆಯುವುದು ಅವಳ ಹುಟ್ಟುಗುಣ. ಅವಳ ತಮ್ಮನಿಗೆ ನಾಲ್ಕು ವರ್ಷ. ಅಳುವ ಮೊದಲು ಸಣ್ಣಗೆ ಎಳೆದು ಎಳೆದು ಶ್ರುತಿ ಕೂಡಿಸಿಕೊಳ್ಳುತ್ತಿದ್ದ ಕಾರಣ ಅವನ ಹೆಸರು ಪಿಟೀಲು.

ಅಂತೂ ಶನಿವಾರ ಬೆಳಗ್ಗೆ ಗಂಡ, ಹೆಂಡತಿ, ವಕೀಲಮ್ಮ, ಪಿಟೀಲು ನಾಲ್ವರೂ ಗುಡ್ಡದ ಬುಡಕ್ಕೆ ಬಂದು ಇಳಿದರು. ಒಂದು ಚೀಲದ ತುಂಬ ಬ್ರೆಡ್ಡು, ಬಾಳೆಹಣ್ಣು, ಬಿಸ್ಕತ್ತು, ನೀರು. ಮೇಷ್ಟ್ರು ಕಾರನ್ನು ಗೆರೆಗೆ ಗೆರೆ ಸೇರಿಸಿ ನಿಲ್ಲಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, ಹೊಸ ಬೂಟಿನ ದಾರ ಬಿಗಿದುಕೊಂಡರು. ಗುಡ್ಡ ದೊಡ್ಡದೇನಲ್ಲ. ತುದಿಯಲ್ಲಿ ಒಂದು ಕಲ್ಲಿನ ಮಂಟಪ, ಅಲ್ಲಿಂದ ಊರೆಲ್ಲ ಕಾಣುತ್ತದಂತೆ. ಆ ಮಂಟಪದಲ್ಲಿ ಮಗಳ ಹೆಗಲ ಮೇಲೆ ಕೈಯಿಟ್ಟು, "ನೋಡು, ಅದೇ ನಮ್ಮ ಮನೆ" ಎನ್ನುವ ದೃಶ್ಯವನ್ನು ಮೇಷ್ಟ್ರು ರಾತ್ರಿಯೇ ಮನಸ್ಸಿನಲ್ಲಿ ಅಭ್ಯಾಸ ಮಾಡಿಟ್ಟುಕೊಂಡಿದ್ದರು.

ಮೊದಲ ಏರಿನಲ್ಲೇ ಪಿಟೀಲು ನಿಂತುಬಿಟ್ಟ.

"ಹತ್ತು ಮರಿ, ಹತ್ತು!" ಎಂದು ಹುರಿದುಂಬಿಸಿದರು ಮೇಷ್ಟ್ರು.

"ಹನ್ನೊಂದು" ಎಂದ ಪಿಟೀಲು.

"ಅಯ್ಯೋ, ಹತ್ತೋ!"

"ಹನ್ನೆರಡು. ಹದಿಮೂರು."

ಇಪ್ಪತ್ತರ ತನಕ ಎಣಿಸಿ, ಮುಂದೆ ಗೊತ್ತಿಲ್ಲದೆ, ಆಮೇಲಷ್ಟೇ ಅವನು ಹತ್ತಿದ.

ಅಷ್ಟರಲ್ಲಿ ದಾರಿ ಒಡೆಯಿತು. ಎದುರಿಗೆ ಅಗಲವಾದ ಜಲ್ಲಿ ದಾರಿ, ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಅದರ ಬಾಯಲ್ಲೇ ಒಂದು ಕಂಬ, ಕಂಬದ ಮೇಲೆ ದುಂಡನೆಯ ಕೆಂಪು ಫಲಕ, ನಡುವೆ ಅಡ್ಡಲಾಗಿ ಬಿಳಿ ಪಟ್ಟಿ. ಎಡಕ್ಕೆ ಪೊದೆಗಳ ನಡುವೆ ನುಸುಳುವ ಕಿರಿದಾದ ದಾರಿ. ಅದರ ಪಕ್ಕದಲ್ಲಿ ಹಸಿರು ಬೋರ್ಡು, ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ 'ಕಾಲುದಾರಿ', ಅದರ ಮೇಲೊಂದು ಕಾಗೆ ಹಿಕ್ಕೆ, ಕೆಳಗೊಂದು ಬಾಣ.

ಮೇಷ್ಟ್ರ ಬಲಗಾಲು ನೆಲ ಒತ್ತಿತು. ಕೆಂಪು ಫಲಕದ ಮುಂದೆ ಅವರು ಗಕ್ಕನೆ ನಿಂತರು.

"ಎಡಕ್ಕೆ" ಎಂದರು.

"ಅಲ್ರೀ, ಗುಡ್ಡ ಇರೋದು ಮೇಲೆ" ಎಂದಳು ಹೆಂಡತಿ. "ಈ ದಾರಿ ಮೇಲಕ್ಕೆ ಹೋಗ್ತಾ ಇದೆ. ನೀವು ತೋರಿಸ್ತಿರೋದು ಪಕ್ಕಕ್ಕೆ ಹೋಗ್ತಾ ಇದೆ."

"ನೋ ಎಂಟ್ರಿ. ಕಣ್ಣಿಗೆ ಕಾಣಲ್ವೇನೇ?"

"ಯಾರೂ ಇಲ್ವಲ್ಲ ಇಲ್ಲಿ."

"ಯಾರೂ ಇಲ್ದಾಗ ಪಾಲಿಸೋದೇ ನಿಯಮ" ಎಂದು ಮೇಷ್ಟ್ರು ಎದೆಯುಬ್ಬಿಸಿದರು. ಇದು ಅವರು ಪ್ರತಿ ಬ್ಯಾಚಿಗೂ ಮೊದಲ ದಿನ ಹೇಳುವ ಮಾತು. ಈ ಫಲಕ ದಾಟಿದ ಎಷ್ಟೋ ಶಿಷ್ಯರನ್ನು ಅವರು ನಿರ್ದಾಕ್ಷಿಣ್ಯವಾಗಿ ಕೆಳಗಿಳಿಸಿದ್ದರು. ಈಗ ಸ್ವಂತ ಹೆಂಡತಿ ಮಕ್ಕಳ ಎದುರು ಅದನ್ನು ದಾಟುವುದು ಅವರಿಂದ ಸಾಧ್ಯವಿರಲಿಲ್ಲ.

ವಕೀಲಮ್ಮ ಮಾತ್ರ ಹಸಿರು ಬೋರ್ಡನ್ನೇ ನೋಡುತ್ತಿದ್ದಳು. ಮುಖ ಅರಳಿತು.

"ಅಪ್ಪ, ಆಗಲೇ ಕಾಲು ದಾರಿ ಆಗೋಯ್ತಾ?"

ಶಾಲೆಯಲ್ಲಿ ಆ ವಾರ ಸೇಬು ಕೊಯ್ದು ಕಾಲು, ಅರ್ಧ, ಮುಕ್ಕಾಲು ಕಲಿಸಿದ್ದರು. ಅಂದಿನಿಂದ ಅವಳು ಭಿನ್ನರಾಶಿಯಲ್ಲೇ ಬದುಕುತ್ತಿದ್ದಳು. ಮುಕ್ಕಾಲು ಹಾಲು ಕುಡಿಯುತ್ತಿದ್ದಳು, ಅರ್ಧ ಹಲ್ಲುಜ್ಜುತ್ತಿದ್ದಳು. ಮೇಷ್ಟ್ರಿಗೆ ಅದು ಹೊಳೆಯಲಿಲ್ಲ. ಅವರು ಕಾರಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದರು.

"ಹೂಂ, ಆಯ್ತಾಯ್ತು, ನಡಿ" ಎಂದುಬಿಟ್ಟರು.

ಕಾಲುದಾರಿ ಚೆನ್ನಾಗಿತ್ತು. ತಗ್ಗಿಲ್ಲ, ದಿಣ್ಣೆಯಿಲ್ಲ, ಎರಡೂ ಪಕ್ಕದಲ್ಲಿ ಮರ. ಮೇಷ್ಟ್ರು ಮುಂದೆ, ಅವರ ಹಿಂದೆ ಮಕ್ಕಳು, ಕೊನೆಯಲ್ಲಿ ಚೀಲ ಹೊತ್ತ ಹೆಂಡತಿ. (ಚೀಲ ಹೊರುವ ವಿಷಯದಲ್ಲಿ ಚರ್ಚೆ ನಡೆದಿತ್ತು. ಮುಂದಾಳುವಿನ ಕೈಗಳು ಖಾಲಿಯಿರಬೇಕು ಎಂಬ ಮೇಷ್ಟ್ರ ವಾದಕ್ಕೆ ಹೆಂಡತಿ ಅತ್ಯಂತ ಸಿಹಿ ದನಿಯಲ್ಲಿ ಒಪ್ಪಿದ್ದಳು.) ದಾರಿಯುದ್ದಕ್ಕೂ ಮೇಷ್ಟ್ರು ಪಾಠ ಹೇಳಿದರು. ಎಡಕ್ಕೇ ನಡೀರಿ. ಓವರ್‌ಟೇಕ್ ಮಾಡಬೇಡ. ಇಬ್ಬರ ನಡುವೆ ಅಂತರ ಇರಲಿ. ತಿರುವು ಬಂದಾಗ ಹಾರನ್.

ಈ ಕೊನೆಯದು ಪಿಟೀಲಿಗೆ ಬಹಳ ಹಿಡಿಸಿತು. ಪ್ರತಿ ತಿರುವಿನಲ್ಲೂ ಅವನು "ಪೀಂ ಪೀಂ ಪೀಂ" ಎಂದು ಗಂಟಲು ಹರಿಯುವಂತೆ ಕಿರುಚಿದ. ತಿರುವಿಲ್ಲದ ಕಡೆಯೂ ಕಿರುಚಿದ. ಒಂದೊಂದು ಪೀಂಗೂ ಒಂದೊಂದು ಮರದಿಂದ ಹಕ್ಕಿಗಳು ಪುರ್ರೆಂದು ಹಾರಿಹೋದವು. ಪ್ರಕೃತಿ ವೀಕ್ಷಣೆಗೆ ಉಳಿದದ್ದು ಹಾರಲು ಬಾರದ ಮರಗಳು ಮಾತ್ರ.

"ಇದು ಯಾವ ಮರ ಅಪ್ಪ?"

"ಇದು ಕಾಡು ಮರ."

"ಅದು?"

"ಅದೂ ಕಾಡು ಮರಾನೇ. ಬೇರೆ ಜಾತಿ."

"ಯಾವ ಜಾತಿ?"

"ಸ್ವಲ್ಪ ದಪ್ಪನೆ ಜಾತಿ" ಎಂದರು ಮೇಷ್ಟ್ರು. ಹಿಂದಿನಿಂದ ಹೆಂಡತಿ ಕೆಮ್ಮಿದ್ದು ಕೇಳಿಸಿತು.

ಸಾಕಷ್ಟು ಹೊತ್ತು ನಡೆದರು. ಪಿಟೀಲು ಎರಡು ಸಲ ಮೂತ್ರಕ್ಕೆ ಹೋದ, ಒಂದು ಸಲ ಇರುವೆಗಳ ಜೊತೆ ಕುಳಿತ, ಬೂಟಿನಲ್ಲಿ ಕಲ್ಲಿದೆಯೆಂದು ಬಿಚ್ಚಿಸಿಕೊಂಡ. ಕೊನೆಗೆ ಪೊದೆಗಳು ತೆರೆದುಕೊಂಡವು. ಎದುರಿಗೆ ಒಂದು ಹಸಿರು ಬೋರ್ಡು. ಬಲಕ್ಕೆ ಒಂದು ಜಲ್ಲಿ ದಾರಿ, ಅದರ ಬಾಯಲ್ಲಿ ಕೆಂಪು ಫಲಕ.

ವಕೀಲಮ್ಮ ಓಡಿಹೋಗಿ ಬೋರ್ಡು ಓದಿದಳು. ಓದಿ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತಳು.

"ಅಪ್ಪ, ಇನ್ನೂ ಕಾಲು ದಾರಿ ಅಂತಲೇ ಇದೆ."

"ಇರಲಿ."

"ಅರ್ಧ ಎಲ್ಲಿ? ಇಷ್ಟೊತ್ತು ನಡೆದ್ವಲ್ಲ, ಅರ್ಧ ದಾರಿ ಅಂತ ಬರಬೇಕಿತ್ತು. ಆಮೇಲೆ ಮುಕ್ಕಾಲು ದಾರಿ. ಆಮೇಲೆ ಮಂಟಪ."

ಈಗ ಮೇಷ್ಟ್ರಿಗೆ ಅರ್ಥವಾಯಿತು. ಅರ್ಥವಾಗಿ, ತಡೆಯಲಾರದಷ್ಟು ನಗು ಬಂತು. ಕಲಿಸುವ ಅವಕಾಶ ಸಿಕ್ಕಿದಾಗ ಬಿಡುವ ಪೈಕಿ ಅವರಲ್ಲ. ಅಲ್ಲೇ ಒಂದು ಕಲ್ಲಿನ ಮೇಲೆ ಕಾಲಿಟ್ಟು ಶುರು ಮಾಡಿದರು.

"ಹಾಗಲ್ಲ ಪುಟ್ಟಾ. ಕಾಲು ಅಂದ್ರೆ ಇಲ್ಲಿ ನಾಲ್ಕನೇ ಒಂದು ಭಾಗ ಅಲ್ಲ. ಇದು ನೋಡು, ಇದು, ನನ್ನ ಕಾಲು. ಕಾಲಲ್ಲಿ ನಡೆಯೋ ದಾರಿ ಕಾಲುದಾರಿ. ಗಾಡಿ ಓಡೋ ದಾರಿ ಗಾಡಿದಾರಿ. ಇಂಥ ಬೋರ್ಡು ದಾರಿ ಉದ್ದಕ್ಕೂ ಇರುತ್ತೆ."

"ಮತ್ತೆ ಆಗ ಕೇಳಿದಾಗ ಆಯ್ತು ಅಂದೆ?"

"ಆಗ... ಆಗ ಬೇರೆ ಏನೋ ಯೋಚನೇಲಿದ್ದೆ."

"ಅಂದ್ರೆ ಸುಳ್ಳು ಹೇಳ್ದೆ."

"ಸುಳ್ಳಲ್ಲ, ಗಮನ ಕೊಡಲಿಲ್ಲ."

"ಗಾಡಿ ಓಡಿಸುವಾಗ ಗಮನ ಕೊಡದಿದ್ರೆ ನೀನೇ ಬೈತೀಯಲ್ಲ" ಎಂದಳು ವಕೀಲಮ್ಮ. ಮೇಷ್ಟ್ರು ಕೇಳಿಸದವರಂತೆ ಬಾಟಲಿಯ ಮುಚ್ಚಳ ತಿರುಗಿಸಿದರು.

ಹೆಂಡತಿ ಬಲಗಡೆಯ ಜಲ್ಲಿ ದಾರಿಯನ್ನು ಕಣ್ಣು ಕಿರಿದಾಗಿಸಿ ನೋಡಿದಳು. "ರೀ, ಇದು ಮೇಲಕ್ಕೆ ಹೋಗುತ್ತೆ ಅನ್ಸುತ್ತೆ."

"ಅದೂ ನೋ ಎಂಟ್ರಿ. ಈ ಗುಡ್ಡದಲ್ಲಿ ಎಲ್ಲಾ ಒನ್ ವೇ ಮಾಡಿಟ್ಟಿದ್ದಾರೆ" ಎಂದು ಮೇಷ್ಟ್ರು ಗೌರವದಿಂದಲೇ ಹೇಳಿ ಮುಂದಕ್ಕೆ ಹೆಜ್ಜೆ ಹಾಕಿದರು. ಇಷ್ಟು ಶಿಸ್ತಿನ ಗುಡ್ಡವನ್ನು ಅವರು ಕಂಡಿರಲಿಲ್ಲ.

ಈ ಸಲ ಪೀಂ ಪೀಂ ಸದ್ದು ಕಡಿಮೆಯಾಗಿತ್ತು. ಬಿಸ್ಕತ್ತು ಮುಗಿಯಿತು. ಪಿಟೀಲು ತಂತಿ ಬಿಗಿ ಮಾಡಿಕೊಳ್ಳತೊಡಗಿದ. ಸ್ವಲ್ಪ ದೂರ ಹೋದ ಮೇಲೆ ದಾರಿಯ ಮಧ್ಯದಲ್ಲಿ ಒಂದು ಪುಟ್ಟ ಕಾಲುಚೀಲ ಬಿದ್ದಿತ್ತು, ಹಳದಿ ಬಣ್ಣದ್ದು, ಮೇಲೊಂದು ಬಾತುಕೋಳಿ ಚಿತ್ರ.

ಮೇಷ್ಟ್ರು ಅದನ್ನು ಎತ್ತಿ ಹಿಡಿದರು. ಮುಖ ಬೆಳಗಿತು.

"ನೋಡಿದ್ರಾ? ಇದೇ ದಾರೀಲಿ ಇನ್ಯಾವುದೋ ಫ್ಯಾಮಿಲಿ ಮಕ್ಕಳನ್ನ ಕರ್ಕೊಂಡು ಹೋಗಿದೆ. ಅಂದ್ರೆ ನಾವು ಸರಿಯಾದ ದಾರೀಲೇ ಇದ್ದೀವಿ!"

ಹೆಂಡತಿ ಬಗ್ಗಿ ಪಿಟೀಲಿನ ಬೂಟು ಬಿಚ್ಚಿದಳು. ಒಂದು ಕಾಲಿನಲ್ಲಿ ಹಳದಿ ಕಾಲುಚೀಲ, ಮೇಲೊಂದು ಬಾತುಕೋಳಿ. ಇನ್ನೊಂದು ಕಾಲು ಬರಿದು.

"ಪ್ರಯಾಣಿಕರು ದಯವಿಟ್ಟು ಗಮನಿಸಿ" ಎಂದು ಶುರುವಾಯಿತು ಆ ಜೇನಿನ ಸ್ವರ, ಕಾಡೆಲ್ಲ ಮೊಳಗುವಂತೆ. "ಬೆಳಗ್ಗೆಯಿಂದ ಗುಡ್ಡದ ತುದಿಗೆ ಹೊರಟಿರುವ ಗಾಡಿಯು, ಮುಂದಾಳುವಿನ ಬುದ್ಧಿವಂತಿಕೆಯ ಕಾರಣದಿಂದ, ಅನಿರ್ದಿಷ್ಟ ಕಾಲ ತಡವಾಗಿ ಚಲಿಸುತ್ತಿದೆ. ಪ್ರಯಾಣಿಕರಿಗೆ ಆಗಿರುವ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ."

"ಒಂದೇ ಥರದ ಕಾಲುಚೀಲ ಊರಲ್ಲಿ ಸಾವಿರ ಇರುತ್ತೆ" ಎಂದರು ಮೇಷ್ಟ್ರು. ಆದರೆ ದನಿ ಮೊದಲಿನ ಹಾಗಿರಲಿಲ್ಲ.

ಬೋರ್ಡು ಮೂರನೇ ಸಲ ಎದುರಾದಾಗ ವಕೀಲಮ್ಮ ಹತ್ತಿರ ಹೋಗಿ ಕೂಲಂಕಷವಾಗಿ ಪರಿಶೀಲಿಸಿದಳು.

"ಅಪ್ಪ, ಇದು ಅದೇ ಕಾಲು. 'ದಾರಿ' ಮೇಲೆ ಅದೇ ಕಾಗೆ ಹಿಕ್ಕೆ ಇದೆ."

"ಕಾಗೆಗಳಿಗೆ ಬೇರೆ ಕೆಲಸ ಏನು? ಎಲ್ಲಾ ಬೋರ್ಡ್ ಮೇಲೂ ಹಾಕ್ತವೆ."

"ಎಲ್ಲಾದರ ಮೇಲೂ 'ದಾ' ಅಕ್ಷರದ ಮೇಲೇನೇ ಹಾಕ್ತವಾ?"

ಮೇಷ್ಟ್ರಿಗೆ ಒಳಗೊಳಗೇ ಹೆದರಿಕೆಯಾಯಿತು. ದಾರಿ ತಪ್ಪಿದ ಹೆದರಿಕೆಯಲ್ಲ. ಸೋಮವಾರದ ಹೆದರಿಕೆ. ನಮ್ಮಪ್ಪ ನಮ್ಮನ್ನು ದಾರಿ ತಪ್ಪಿಸಿದರು ಎಂದು ಈ ಹುಡುಗಿ ಜಡೆ ಹಿಂದಕ್ಕೆಸೆದು ಹೇಳುವುದು, ಮಕ್ಕಳೆಲ್ಲ ಗೊಳ್ಳೆನ್ನುವುದು ಕಣ್ಣಿಗೆ ಕಟ್ಟಿತು. ಹಿಂದಿರುಗಿ ನೋಡುವ ಧೈರ್ಯವಿಲ್ಲದೆ, "ಇನ್ನೇನು ಬಂದೇಬಿಡ್ತು" ಎಂದು ಹೇಳಿ, ಮತ್ತೆ ಎದುರಿಗಿದ್ದ ಕಾಲುದಾರಿಯನ್ನೇ ಹಿಡಿದರು. ತಪ್ಪು ಎಂದು ಅರ್ಧ ಗೊತ್ತಿದ್ದರೂ ಅದೇ ದಾರಿ ಹಿಡಿಯುವ ಮನುಷ್ಯನ ವೇಗ ನೋಡಬೇಕು. ಮೇಷ್ಟ್ರು ಓಡುತ್ತಲೇ ಇದ್ದರು.

ಈ ಸುತ್ತಿನಲ್ಲಿ ಪಿಟೀಲು ಪೂರ್ತಿ ಕಛೇರಿ ನಡೆಸಿದ. ಬಾಳೆಹಣ್ಣು ಬೇಡ, ನೀರು ಬೇಡ, ನಡೆಯುವುದಂತೂ ಬೇಡವೇ ಬೇಡ. ಮೇಷ್ಟ್ರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಕುಳಿತವನು ಅಪ್ಪನ ಎರಡೂ ಕಿವಿಗಳನ್ನು ಸ್ಟಿಯರಿಂಗಿನಂತೆ ಹಿಡಿದು, ತಿರುವಿನಲ್ಲೆಲ್ಲ ತಿರುಗಿಸಿದ. ಹೊಸ ಬೂಟು ಹಿಮ್ಮಡಿಯನ್ನು ಕಚ್ಚುತ್ತಿತ್ತು. ಬೆವರು ಕಣ್ಣಿಗಿಳಿಯುತ್ತಿತ್ತು. ಆದರೂ ಮಗಳು ನೋಡುತ್ತಿದ್ದಾಳೆಂದು ಮೇಷ್ಟ್ರು ನಡುನಡುವೆ ಸಿಳ್ಳೆ ಹಾಕಲು ಪ್ರಯತ್ನಿಸಿದರು. ಬರಿಯ ಗಾಳಿ ಬಂತು.

ಪೊದೆಗಳು ತೆರೆದುಕೊಂಡವು. ಹಸಿರು ಬೋರ್ಡು. ಕಾಗೆ ಹಿಕ್ಕೆ. ಕೆಂಪು ಫಲಕ. ಹೆಗಲ ಮೇಲೆ ಪಿಟೀಲು ಗೊರಕೆ ಹೊಡೆಯುತ್ತಿದ್ದ.

ಅದೇ ಹೊತ್ತಿಗೆ ವಯಸ್ಸಾದ ಗಂಡ ಹೆಂಡತಿ ಕೋಲೂರಿಕೊಂಡು ನಿಧಾನವಾಗಿ ಕೆಳಗಿನಿಂದ ಬಂದರು. ಬಂದವರೇ ನೇರವಾಗಿ ಕೆಂಪು ಫಲಕದ ಪಕ್ಕದಿಂದ ಜಲ್ಲಿ ದಾರಿಗೆ ಹೆಜ್ಜೆಯಿಟ್ಟರು. ಮೇಷ್ಟ್ರ ಬಲಗಾಲು ನೆಲ ಒತ್ತಿತು. ಬಾಯಿ ತಾನಾಗಿ ಕೂಗಿತು.

"ಸಾರ್! ನೋ ಎಂಟ್ರಿ!"

ಮುದುಕರು ಬೆಚ್ಚಿ ನಿಂತು, ಫಲಕ ನೋಡಿದರು, ತಮ್ಮ ಹಿಂದೆ ಮುಂದೆ ನೋಡಿದರು.

"ಹೌದಾ? ಗಾಡಿ ಎಲ್ಲಿದೆ?"

"ಗಾಡಿ ಅಲ್ಲ, ನೀವು..."

"ಅದು ಗಾಡಿಗಳಿಗೆ ಹಾಕಿರೋದು ಕಣಪ್ಪ" ಎಂದರು ಅಜ್ಜಿ, ಮರುಕದಿಂದ. "ನಡೆಯೋರಿಗೆ ಅಲ್ಲ. ಮಂಟಪಕ್ಕೆ ಇದೊಂದೇ ದಾರಿ. ಆ ಕಾಲುದಾರಿ ಗುಡ್ಡದ ಬುಡ ಸುತ್ತಿಕೊಂಡು ಮತ್ತೆ ಇಲ್ಲಿಗೇ ಬರುತ್ತೆ. ನಮ್ಮ ಥರ ಮಂಡಿನೋವು ಇರೋರು ಓಡಾಡಲಿ ಅಂತ ಮಾಡಿದ್ದಾರೆ. ನಮಗೆ ಅದು ತೀರಾ ಸಪ್ಪೆ ಆಗುತ್ತೆ ಅಂತ ನಾವು ಮೇಲೆ ಹೋಗ್ತೀವಿ."

ಹೀಗೆಂದು ಅವರಿಬ್ಬರೂ ಟಕ್ ಟಕ್ ಎಂದು ಕೋಲೂರುತ್ತ ಏರಿ ಮರೆಯಾದರು.

ಹೆಂಡತಿ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಕೈಗಡಿಯಾರ ನೋಡಿಕೊಂಡು, ತನ್ನ ಸಹಜ ದನಿಯಲ್ಲಿ, "ಈಗ ಹತ್ತೋಕಾಗಲ್ಲ ರೀ. ನನ್ನ ಶಿಫ್ಟಿಗೆ ಹೊತ್ತಾಯ್ತು" ಎಂದಳು.

ಮೇಷ್ಟ್ರು ಬೋರ್ಡಿನ ಬುಡದ ಕಲ್ಲಿನ ಮೇಲೆ ಕುಸಿದರು. ಪಿಟೀಲನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಅವರಿಗೆ ನಿಜವಾಗಿಯೂ ಅಳು ಬಂದಿತ್ತು. ಒಂದೇ ಒಂದು ಗುಡ್ಡ, ಮುದುಕರು ಹತ್ತುವ ಗುಡ್ಡ, ಅದನ್ನೂ ಮಕ್ಕಳಿಗೆ ತೋರಿಸಲಾಗಲಿಲ್ಲ. ಮೇಲೆ ನೋಡಿದರೆ ಮರಗಳ ನಡುವೆ ಮಂಟಪದ ಒಂದು ಮೂಲೆ ಕಾಣುತ್ತಿತ್ತು, ಅಷ್ಟು ಹತ್ತಿರ.

ವಕೀಲಮ್ಮ ಬಂದು ಪಕ್ಕದಲ್ಲಿ ಕುಳಿತಳು. ಅಪ್ಪನ ಮುಖ ನೋಡಿದಳು.

"ತಪ್ಪು ನಂದೇ ಕಣಮ್ಮ" ಎಂದರು ಮೇಷ್ಟ್ರು. "ನೀನು ಸೋಮವಾರ ಏನು ಬೇಕಾದ್ರೂ ಹೇಳು. ನಾನೇನೂ ಅಂದ್ಕೊಳ್ಳಲ್ಲ."

ವಕೀಲಮ್ಮ ಬೆರಳು ಮಡಿಸಿ ಏನೋ ಎಣಿಸಿದಳು. ಮತ್ತೆ ಎಣಿಸಿದಳು.

"ಅಪ್ಪ, ಈ ಬೋರ್ಡು ಎಷ್ಟು ಸಲ ಬಂತು?"

"ನಾಲ್ಕು."

"ನಾಲ್ಕು ಸಲ ಕಾಲು ಕಾಲು ಅಂದ್ರೆ ಎಷ್ಟು?"

ಮೇಷ್ಟ್ರು ಪಿಟೀಲಿನ ಹಣೆಯ ಬೆವರು ಒರೆಸಿದರು.

"ಒಂದು! ಸೇಬು ಪೂರ್ತಿ ಆಗುತ್ತೆ" ಎಂದಳು ವಕೀಲಮ್ಮ. "ಅಂದ್ರೆ ನಾವು ಗುಡ್ಡ ಪೂರ್ತಿ ಹತ್ತಿದ ಹಾಗೇ. ಹಂಗೇ ಹೇಳ್ತೀನಿ. ಆದ್ರೆ ಅದಕ್ಕೆ ಕಾಲುದಾರಿ ಅಂದ್ರೆ ಕಾಲು ಭಾಗ ದಾರಿ ಅಂತ ನೀನು ಒಪ್ಕೋಬೇಕು. ಇಲ್ಲಾಂದ್ರೆ ಸುಳ್ಳಾಗುತ್ತೆ."

ಮೇಷ್ಟ್ರು ಮಗಳನ್ನು ನೋಡಿದರು. ಎಂಟು ವರ್ಷದ ಈ ಜೀವ ತನ್ನ ಅಪ್ಪನಿಗಾಗಿ ಕಾನೂನಿನಲ್ಲಿ ಸಂದು ಹುಡುಕುತ್ತಿತ್ತು. ಎದುರಿಗೆ ಹೆಂಡತಿ, ತುಟಿ ಕಚ್ಚಿಕೊಂಡು, ಹುಬ್ಬೆತ್ತಿ ಕಾಯುತ್ತಿದ್ದಳು. ಕಲ್ಲಿನ ಮೇಲೆ ಕಾಲಿಟ್ಟು ಮಾಡಿದ ಪಾಠ ಅವಳಿಗೆ ಅಕ್ಷರಕ್ಕಕ್ಷರ ನೆನಪಿತ್ತು.

"ಹೂಂ" ಎಂದರು ಮೇಷ್ಟ್ರು. "ಕಾಲುದಾರಿ ಅಂದ್ರೆ ಕಾಲು ಭಾಗ ದಾರಿ."

"ಸರಿಯಾಗಿ ಕೇಳಿಸಲಿಲ್ಲ" ಎಂದಳು ಹೆಂಡತಿ, ಜೇನು ಸುರಿಸುತ್ತ. "ದಯವಿಟ್ಟು ಇನ್ನೊಮ್ಮೆ."

ಮೇಷ್ಟ್ರು ಇನ್ನೊಮ್ಮೆ ಹೇಳಿದರು. ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಇಳಿಯುವಾಗ ಮಗಳು ಅವರ ಕೈ ಹಿಡಿದುಕೊಂಡಿದ್ದಳು, ಹಿಮ್ಮಡಿಯ ನೋವು ಕೂಡ ಮರೆತುಹೋಯಿತು.

ಭಾನುವಾರ ಕಾಲು ಬಿಸಿನೀರಿನಲ್ಲಿಟ್ಟುಕೊಂಡು ಕಳೆಯಿತು. ಸೋಮವಾರ ಮಧ್ಯಾಹ್ನ ಮೇಷ್ಟ್ರು ಇಬ್ಬರು ಶಿಷ್ಯರ ಪಾಠವನ್ನು ಮುಂದಕ್ಕೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳನ್ನು ಕರೆತರಲು ಖುದ್ದಾಗಿ ಶಾಲೆಯ ಗೇಟಿಗೆ ಹೋದರು. ಕಾರಿನಲ್ಲಿ ಹೋಗಲಿಲ್ಲ. ಕುಂಟುತ್ತಲಾದರೂ ನಡೆದೇ ಹೋದರು. ಬೆಲ್ಲು ಹೊಡೆಯಿತು. ಮಕ್ಕಳು ಹೊರಬಂದವು, ಅವರನ್ನು ಕಂಡು ನಿಂತವು. ಒಂದು ಇನ್ನೊಂದರ ಕಿವಿಯಲ್ಲಿ ಏನೋ ಉಸುರಿತು. ಎಲ್ಲರ ಕಣ್ಣಲ್ಲೂ ಬೆರಗು. ಹಲ್ಲು ಕೀಳುವವರ ಮಗಳಂತೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಮೇಷ್ಟ್ರ ಎದೆ ಉಬ್ಬಿತು.

ವಕೀಲಮ್ಮ ಓಡಿಬಂದು ಅವರನ್ನು ತಬ್ಬಿಕೊಂಡಳು.

"ಹೇಳಿದ್ಯಾ?" ಎಂದು ಪಿಸುಗುಟ್ಟಿದರು ಮೇಷ್ಟ್ರು.

"ಹೇಳ್ದೆ ಅಪ್ಪ! ಒಂದೇ ವಾಕ್ಯದಲ್ಲಿ. ಎಲ್ಲರೂ ಚಪ್ಪಾಳೆ ಹೊಡೆದ್ರು."

"ಏನಂತ ಹೇಳ್ದೆ?"

"ನಮ್ಮಪ್ಪ ನಾಲ್ಕು ಕಾಲಲ್ಲಿ ಗುಡ್ಡ ಹತ್ತಿದ್ರು, ಅಂತ."

ಮೇಷ್ಟ್ರು ಬಾಯಿ ತೆರೆದರು. ಆದರೆ ಅಷ್ಟರಲ್ಲಿ ಹಲ್ಲು ಕೀಳುವವರ ಮಗಳು ಹತ್ತಿರ ಬಂದು, ಬಗ್ಗಿ, ಅವರ ಪ್ಯಾಂಟಿನ ಹಿಂದೆ ಮುಂದೆಲ್ಲ ನೋಡಿ, ಬಹಳ ವಿನಯದಿಂದ ಕೇಳಿದಳು.

"ಅಂಕಲ್, ಇನ್ನೆರಡು ಎಲ್ಲಿ?"